ಕುಡಿತ ಬಿಡಿಸಲು ಮೂರು ತಿಂಗಳು ಕೂಡಿಹಾಕಲೇಬೇಕೆ?

"ಡಾಕ್ಟ್ರೇ, ಮೂರು ತಿಂಗಳು ಎಲ್ಲಾದ್ರೂ ಸೇರಿಸಿಬಿಡಿ, ಸರಿಹೋಗಿ ಬರಲಿ." ಪೀಣ್ಯದ ಕಾರ್ಮಿಕರ ಮನೆಯವರೂ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಹುಡುಗನ ಅಪ್ಪನೂ ನನ್ನ ಬಳಿ ಕೇಳುವುದು ಇದನ್ನೇ. ಅವರು ಸೋತು ಸುಣ್ಣವಾಗಿರುತ್ತಾರೆ, ಗೊತ್ತು. ಆದರೆ ಬೀಗದೊಳಗೆ ಎಂಥವರೂ ಕುಡಿಯದೆ ಇರುತ್ತಾರೆ. ಕಷ್ಟ ಶುರುವಾಗುವುದು ಹೊರಬಂದ ಮೇಲೆ, ಮೊದಲ ಸಂಬಳದ ದಿನ. ಹಾಗಾಗಿ ಆಗುವಷ್ಟು ಮಟ್ಟಿಗೆ ಮನೆಯಲ್ಲಿದ್ದುಕೊಂಡೇ, ಕೆಲಸಕ್ಕೆ ಹೋಗುತ್ತಲೇ ಚಿಕಿತ್ಸೆ ನಡೆಯಲಿ ಎನ್ನುವವನು ನಾನು.

ಕುಡಿತಕ್ಕೆ ಮಾತ್ರೆ ಇದೆ ಎಂಬುದೇ ಹೆಚ್ಚಿನವರಿಗೆ ತಿಳಿದಿಲ್ಲ. ನಾಲ್ಟ್ರೆಕ್ಸೋನ್ ಅಮೆರಿಕದಲ್ಲಿ ಇದಕ್ಕಾಗಿ ಮಾನ್ಯತೆ ಪಡೆದದ್ದು 1994ರಲ್ಲಿ. ಕುಡಿದಾಗ ಮಿದುಳಿಗೆ ಸಿಗುವ ಮಜಾವನ್ನು ಅದು ತಗ್ಗಿಸುತ್ತದೆ. ಪೂರ್ತಿ ಬಿಟ್ಟ ಮೇಲೇ ಶುರುಮಾಡಬೇಕೆಂದೇನೂ ಇಲ್ಲ. ಲಿವರ್ ತೀರಾ ಹಾಳಾದವರಿಗೆ, ಅಫೀಮು ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಅದನ್ನು ಕೊಡುವುದಿಲ್ಲ. ಲಿವರ್ ತೊಂದರೆ ಇದ್ದವರಿಗೆ ಕಿಡ್ನಿ ಚೆನ್ನಾಗಿದ್ದರೆ ಅಕಾಂಪ್ರೊಸೇಟ್ ಇದೆ. ಹೆರಾಯಿನ್‌ಗೆ ಅಂಟಿಕೊಂಡವರಿಗೆ ಬ್ಯುಪ್ರೆನಾರ್ಫಿನ್.

ಇನ್ನೊಂದು ಮಾತ್ರೆ ಡೈಸಲ್ಫಿರಾಂ. ಅದರ ಬಗ್ಗೆ ಕೈಮುಗಿದು ಕೇಳಿಕೊಳ್ಳುತ್ತೇನೆ: ಗಂಡನಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ. ಅದರ ಮೇಲೆ ಕುಡಿದರೆ, ಆಲ್ಕೋಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ದೇಹದಲ್ಲೇ ಉಳಿದು ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವರ ಜೀವಕ್ಕೇ ಕುತ್ತು ಬರಬಹುದು. ಗೊತ್ತಿದ್ದು, ಒಪ್ಪಿಕೊಂಡು ನುಂಗುವವರಿಗಷ್ಟೇ ಅದು ಔಷಧಿ. ಹೆಸರಿಲ್ಲದ 'ಕುಡಿತ ಬಿಡಿಸುವ ಪುಡಿ'ಗಳ ತಂಟೆಯೂ ಬೇಡ.

ಲೇತ್ ಕೆಲಸದ ಒಬ್ಬರು ದಿನಕ್ಕೊಂದು ಕ್ವಾರ್ಟರ್ ಕುಡಿಯುತ್ತಿದ್ದರು. 180 ಮಿಲಿ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಕುಡಿದಷ್ಟನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಅವರೇ ಬರೆಯಬೇಕು ಎಂದೆ. ಮೊದಲ ವಾರ ಎಲ್ಲ ಚೌಕದಲ್ಲೂ 180. ನಾಲ್ಟ್ರೆಕ್ಸೋನ್ ಶುರುವಾದ ಮೇಲೆ ನಡುನಡುವೆ 90, ಆಮೇಲೆ ಅಲ್ಲೊಂದು ಇಲ್ಲೊಂದು ಸೊನ್ನೆ. ಹಬ್ಬದ ದಿನ ಮತ್ತೆ 180. ಮನೆಯವರು "ಎಲ್ಲಾ ನೀರಲ್ಲಿ ಹೋಮ ಆಯ್ತು" ಎಂದು ಅತ್ತರು. ನಾನು ಆ ತಿಂಗಳ ಒಟ್ಟು ಲೆಕ್ಕ ತೋರಿಸಿದೆ, ಅರ್ಧಕ್ಕಿಂತ ಕಡಿಮೆಯಾಗಿತ್ತು. ಶುಗರ್ ಒಂದು ದಿನ ಏರಿತೆಂದು ಯಾರೂ ಇನ್ಸುಲಿನ್ ನಿಲ್ಲಿಸುವುದಿಲ್ಲವಲ್ಲ. ಚಿಕಿತ್ಸೆ ಮುಂದುವರಿಸಿದೆವು.

ಮನೆಯವರ ಪಾತ್ರ ದೊಡ್ಡದು. ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದ 'ಕ್ರಾಫ್ಟ್' ಎಂಬ ವಿಧಾನದಲ್ಲಿ, ಕುಡಿಯುವವರು ಚಿಕಿತ್ಸೆಗೆ ಬರಲು ಒಪ್ಪದಿದ್ದರೂ ಮನೆಯವರ ಜೊತೆ ಕೆಲಸ ಶುರುಮಾಡಬಹುದು. ಅಮಲಿನಲ್ಲಿದ್ದಾಗ ವಾದ ಬೇಡ. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಕಾಫಿ ಕುಡಿಯಿರಿ, ಮಗುವನ್ನು ಕರೆದುಕೊಂಡು ಹೊರಗೆ ಹೋಗಿಬನ್ನಿ. 'ಜ್ವರ' ಎಂದು ಫ್ಯಾಕ್ಟರಿಗೆ ಫೋನ್ ಮಾಡಿ ಸುಳ್ಳು ಹೇಳುವುದನ್ನು ನಿಲ್ಲಿಸಿ. ಕೈ ಎತ್ತಿದರೆ ಮಾತ್ರ ಇದ್ಯಾವುದೂ ಅಲ್ಲ, ಮೊದಲು ನೀವು ಸುರಕ್ಷಿತ ಜಾಗಕ್ಕೆ ಹೋಗಿ.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಕೂಡಿ ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಂದ ಬದುಕು ಕಟ್ಟಿಕೊಂಡವರು ಬಹಳ ಜನ. ಮಾತ್ರೆ ತಿನ್ನುತ್ತಲೇ ಅಲ್ಲಿಗೂ ಹೋಗಬಹುದು.

ಅಡ್ಮಿಷನ್ ಬೇಕಾದವರೂ ಇದ್ದಾರೆ. ಬೆಳಗ್ಗೆ ಎದ್ದೊಡನೆ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಏಕಾಏಕಿ ನಿಲ್ಲಿಸಬಾರದು. ಕೊನೆಯ ಪೆಗ್ ಆದ ಎರಡು ದಿನದೊಳಗೆ ಫಿಟ್ಸ್ ಬರಬಹುದು; ಎರಡು-ಮೂರನೇ ದಿನಕ್ಕೆ ದಿಕ್ಕುತಪ್ಪಿ, ಇಲ್ಲದ್ದು ಕಾಣಿಸುವ ಡೆಲಿರಿಯಂ ಶುರುವಾಗಬಹುದು. ಅಂಥವರಿಗೆ ಗ್ಲೂಕೋಸ್ ಡ್ರಿಪ್‌ಗೂ ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಬೀಳಬೇಕು. ಹಾಗಾಗಿ ಯಾವುದೇ ಕೇಂದ್ರಕ್ಕೆ ಸೇರಿಸುವ ಮುನ್ನ ಕೇಳಿ: ರಾತ್ರಿ ಡಾಕ್ಟರ್ ಇರುತ್ತಾರಾ? ಫಿಟ್ಸ್ ಬಂದರೆ ಏನು ಮಾಡುತ್ತೀರಿ? ನಾವು ಬಂದು ನೋಡಬಹುದಾ? ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವೂ ಇದೆ.