ಕುಡಿತ ಬಿಟ್ಟು ಬನ್ನಿ ಎನ್ನುವ ಮೊದಲು

ಖಿನ್ನತೆ, ತೀವ್ರ ಆತಂಕ, ಬೈಪೋಲಾರ್ ಕಾಯಿಲೆ (ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆ) ಅಥವಾ ಸ್ಕಿಜೋಫ್ರೇನಿಯಾ (ಭ್ರಮೆಗಳು, ಇಲ್ಲದ ಧ್ವನಿಗಳು ಕಾಡುವ ಕಾಯಿಲೆ) ಇರುವವರಲ್ಲಿ ಕುಡಿತದ ಅಥವಾ ಮಾದಕ ವಸ್ತುವಿನ ವ್ಯಸನವೂ ಸೇರಿಕೊಂಡಾಗ, ಅವರನ್ನು ಮನೋವೈದ್ಯೆಯಾದ ನನ್ನ ಬಳಿಗೆ ಕರೆತರುವ ಮನೆಯವರು ಆ ಹೊತ್ತಿಗಾಗಲೇ ಸಾಕಷ್ಟು ಅಲೆದಿರುತ್ತಾರೆ. ಮಾನಸಿಕ ಚಿಕಿತ್ಸೆ ಕೊಡುವಲ್ಲಿ 'ಮೊದಲು ಕುಡಿತ ಬಿಡಲಿ, ಆಮೇಲೆ ಉಳಿದದ್ದನ್ನು ನೋಡೋಣ' ಎಂದಿರುತ್ತಾರೆ. ವ್ಯಸನ ಬಿಡಿಸುವಲ್ಲಿ 'ಇವರಿಗೆ ಕಿವಿಯಲ್ಲಿ ಮಾತು ಕೇಳಿಸುತ್ತದೆ, ಅದು ಹತೋಟಿಗೆ ಬಂದ ಮೇಲೆ ಕರೆದುಕೊಂಡು ಬನ್ನಿ' ಎಂದಿರುತ್ತಾರೆ. ಅವರವರ ಮಟ್ಟಿಗೆ ಎರಡೂ ಸರಿಯೆಂದೇ ಕಾಣುತ್ತದೆ. ಆದರೆ ಒಂದು ಕಾಯಿಲೆ ವಾಸಿಯಾಗುವುದನ್ನು ಇನ್ನೊಂದರ ಚಿಕಿತ್ಸೆಗೆ ಷರತ್ತಾಗಿ ಇಟ್ಟ ಕೂಡಲೇ, ಎರಡೂ ಇರುವ ವ್ಯಕ್ತಿಗೆ ಚಿಕಿತ್ಸೆಯೇ ಇಲ್ಲದಂತಾಗುತ್ತದೆ. ಎರಡನ್ನೂ ಒಂದೇ ತಂಡ, ಒಂದೇ ಕಾಲದಲ್ಲಿ ನೋಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಕಾರಣಗಳಿವೆ.

ಇಂಥವರು ಅಪರೂಪ ಎಂಬ ಭಾವನೆ ಇನ್ನೂ ಉಳಿದಿದೆ. ಅಮೆರಿಕದ ಐದು ಪ್ರದೇಶಗಳಲ್ಲಿ 20,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ 1990ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಸ್ಕಿಜೋಫ್ರೇನಿಯಾ ಇದ್ದವರ ಪೈಕಿ ಶೇ. 47ರಷ್ಟು ಮಂದಿಗೆ, ಬೈಪೋಲಾರ್ ಕಾಯಿಲೆ ಇದ್ದವರ ಪೈಕಿ ಶೇ. 56ರಷ್ಟು ಮಂದಿಗೆ ಜೀವನದ ಯಾವುದಾದರೂ ಹಂತದಲ್ಲಿ ಮದ್ಯದ ಅಥವಾ ಮಾದಕ ವಸ್ತುವಿನ ಸಮಸ್ಯೆ ಇದ್ದದ್ದು ಕಂಡುಬಂದಿತ್ತು. ಪ್ರಮಾಣ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ನಿಜ. ಆದರೂ ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಬಂದ ಪ್ರತಿಯೊಬ್ಬರನ್ನೂ ಕುಡಿತ, ತಂಬಾಕು, ಗಾಂಜಾ, ನಿದ್ರೆ ಮಾತ್ರೆಗಳ ಬಗ್ಗೆ ಕೇಳುವುದು, ವ್ಯಸನದ ಚಿಕಿತ್ಸೆಗೆ ಬಂದ ಪ್ರತಿಯೊಬ್ಬರನ್ನೂ ನಿದ್ರೆ, ಮನಸ್ಸಿನ ಸ್ಥಿತಿ, ಸಾಯುವ ಯೋಚನೆಗಳ ಬಗ್ಗೆ ಕೇಳುವುದು ವಾಡಿಕೆಯಾಗಲು ಇಷ್ಟು ತಿಳಿದರೆ ಸಾಕು.

ಮನೆಯವರು ಮೊದಲು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ. 'ಕುಡಿದದ್ದರಿಂದ ಹೀಗಾಯಿತೋ, ಹೀಗಾದದ್ದರಿಂದ ಕುಡಿದರೋ?' ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ ಎಂದು ನನಗೆ ಅನ್ನಿಸಿದೆ: ಇದು ಕಾಯಿಲೆಯೋ, ಇವರೇ ತಂದುಕೊಂಡ ತಪ್ಪೋ? ಎರಡನೆಯದಕ್ಕೆ ವೈದ್ಯರು ಉತ್ತರಿಸಬೇಕಾಗಿಲ್ಲ. ಮೊದಲನೆಯದಕ್ಕೆ ಮಾತ್ರ ವೈದ್ಯಕೀಯವಾಗಿ ಅರ್ಥವಿದೆ, ಏಕೆಂದರೆ ಎರಡೂ ದಿಕ್ಕಿನಲ್ಲಿ ಹೀಗಾಗುವುದುಂಟು. ಮನಸ್ಸಿನ ನೋವನ್ನು ತಾಳಲಾರದೆ ಅದನ್ನು ತಣಿಸಿಕೊಳ್ಳಲು ಜನರು ಮಾದಕ ವಸ್ತುಗಳ ಮೊರೆ ಹೋಗುತ್ತಾರೆ ಎಂಬ ವಿವರಣೆಯನ್ನು ಮನೋವೈದ್ಯ ಎಡ್ವರ್ಡ್ ಖಾಂಟ್ಸಿಯನ್ 1985ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಜನರ ನಡುವೆ ಹೋಗಲು ಹೆದರುವವರು ಒಂದು ಗುಟುಕು ಕುಡಿದು ಧೈರ್ಯ ತಂದುಕೊಳ್ಳುವುದು, ಹಿಂದಿನ ಹಿಂಸೆಯ ನೆನಪುಗಳಿಂದ ನಿದ್ರೆ ಬಾರದವರು ರಾತ್ರಿಯ ಕುಡಿತಕ್ಕೆ ಅಂಟಿಕೊಳ್ಳುವುದು ಈ ಬಗೆಯವು. ಇನ್ನೊಂದೆಡೆ, ದೀರ್ಘಕಾಲದ ಕುಡಿತವೇ ಖಿನ್ನತೆಯನ್ನು ಉಂಟುಮಾಡಬಲ್ಲದು, ಆಂಫೆಟಮೀನ್‌ನಂಥ ಉತ್ತೇಜಕಗಳು ಅನುಮಾನ ಮತ್ತು ಭ್ರಮೆಗಳನ್ನು ತರಬಲ್ಲವು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45,000 ಯುವಕರನ್ನು ಅನುಸರಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ವಯಸ್ಸಿಗೇ 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಬಳಸಿದ್ದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಕಾಣಿಸಿಕೊಳ್ಳುವ ಸಂಭವ ಬಳಸದವರಿಗಿಂತ ಆರು ಪಟ್ಟು ಹೆಚ್ಚಿದ್ದುದನ್ನು ತೋರಿಸಿತು. ಇವೆರಡಕ್ಕೂ ಹೊರತಾಗಿ, ವಂಶವಾಹಿಗಳು, ಬಾಲ್ಯದ ದೌರ್ಜನ್ಯ, ಬಡತನ ಇವು ಎರಡೂ ಕಾಯಿಲೆಗಳಿಗೆ ಒಂದೇ ನೆಲವನ್ನು ಹದ ಮಾಡಿಡುವುದೂ ಇದೆ.

ಯಾವುದು ಮೊದಲು ಎಂಬುದನ್ನು ತಿಳಿಯಲು ನಾವು ಕಾಲಾನುಕ್ರಮವನ್ನು ವಿಚಾರಿಸುತ್ತೇವೆ. ಕುಡಿತ ಶುರುವಾಗುವ ಮೊದಲು ಮನಸ್ಸು ಹೇಗಿತ್ತು? ಯಾವಾಗಲಾದರೂ ತಿಂಗಳುಗಟ್ಟಲೆ ಬಿಟ್ಟಿದ್ದರೆ ಆಗ ಹೇಗಿತ್ತು? ಕುಡಿತದಿಂದಲೇ ಬಂದ ಖಿನ್ನತೆಯು ಕುಡಿತ ನಿಂತ ಮೂರು ನಾಲ್ಕು ವಾರಗಳಲ್ಲಿ ಬಹಳಷ್ಟು ತಿಳಿಯಾಗುತ್ತದೆ. ಆಮೇಲೂ ಉಳಿದದ್ದನ್ನು ಸ್ವತಂತ್ರ ಕಾಯಿಲೆ ಎಂದು ಪರಿಗಣಿಸಬೇಕು. ಆದರೆ ಈ ಮೂರು ನಾಲ್ಕು ವಾರಗಳ ಲೆಕ್ಕವೇ ಬಹಳ ಕಡೆ ತಪ್ಪಾಗಿ ಬಳಕೆಯಾಗುತ್ತಿದೆ. ಅದು ರೋಗನಿರ್ಣಯಕ್ಕೆ ಇರುವ ಸೂಚನೆಯೇ ಹೊರತು ಚಿಕಿತ್ಸೆಯನ್ನು ತಡೆಹಿಡಿಯಲು ಇರುವ ಅಪ್ಪಣೆಯಲ್ಲ. ಸಾಯುವ ಯೋಚನೆ ಇರುವವರು, ಭ್ರಮೆಗಳಿಂದ ನರಳುವವರು, ಉನ್ಮಾದದಲ್ಲಿರುವವರು, ಹಿಂದೆಯೇ ಖಚಿತವಾದ ಮಾನಸಿಕ ಕಾಯಿಲೆ ಇರುವವರು ಒಂದು ದಿನವೂ ಕಾಯಬಾರದು. ಅಲ್ಲದೆ, ನಾಲ್ಕು ವಾರ ಕುಡಿಯದೆ ಇರಬಲ್ಲವರಾಗಿದ್ದರೆ ಅವರಲ್ಲಿ ಅನೇಕರು ನಮ್ಮ ಬಳಿಗೆ ಬರಬೇಕಾಗಿಯೇ ಇರಲಿಲ್ಲ.

ಒಟ್ಟುಗೂಡಿದ ಚಿಕಿತ್ಸೆಯ ಮಾದರಿಯನ್ನು ರಾಬರ್ಟ್ ಡ್ರೇಕ್, ಕಿಮ್ ಮ್ಯೂಸರ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಳೆಸಿದರು. ಅದರ ತಿರುಳು ನಾಲ್ಕು ಹಂತಗಳಲ್ಲಿದೆ: ಮೊದಲು ವ್ಯಕ್ತಿಯೊಡನೆ ನಂಬಿಕೆಯ ನಂಟು ಬೆಳೆಸುವುದು, ಆಮೇಲೆ ಬದಲಾವಣೆಯ ಬಯಕೆ ಅವರಲ್ಲೇ ಮೂಡುವಂತೆ ಮಾಡುವುದು, ಅನಂತರ ಬಿಡುವುದಕ್ಕೆ ಬೇಕಾದ ನೇರ ಚಿಕಿತ್ಸೆ, ಕೊನೆಗೆ ಮರುಕಳಿಸದಂತೆ ನೋಡಿಕೊಳ್ಳುವುದು. ಓದಲು ಸರಳವಾದ ಈ ಕ್ರಮ ಆಚರಣೆಯಲ್ಲಿ ತಲೆಕೆಳಗಾಗುವುದೇ ಹೆಚ್ಚು. ಇನ್ನೂ ಮೊದಲನೆಯ ಹಂತದಲ್ಲಿರುವವರಿಗೆ ನಾವು ಮೂರನೆಯ ಹಂತದ ಚಿಕಿತ್ಸೆ ಕೊಡುತ್ತೇವೆ. ಕುಡಿತ ಸಮಸ್ಯೆಯೆಂದೇ ಒಪ್ಪದವರನ್ನು ದಾಖಲು ಮಾಡಿಸಿ, ಬಿಡುಗಡೆಯ ದಿನವೇ ಮತ್ತೆ ಕುಡಿದರೆಂದು ಬೇಸರ ಪಡುತ್ತೇವೆ. ಮೊದಲ ಹಂತದ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಬಾಡಿಗೆಯ ಚಿಂತೆ ಇರುವವರಿಗೆ ಅದರ ದಾರಿ ಹುಡುಕಿಕೊಡುವುದು, ಹಲ್ಲುನೋವಿಗೆ ವೈದ್ಯರನ್ನು ತೋರಿಸುವುದು, ಎರಡು ಸಲ ಬಾರದವರಿಗೆ ಫೋನು ಮಾಡಿ ಬೈಯದೆ ವಿಚಾರಿಸುವುದು, ಇಷ್ಟೇ ಇರಬಹುದು. ಆದರೆ ಈ ಕೆಲಸ ಆಗದೆ ಮುಂದಿನ ಯಾವುದೂ ನಿಲ್ಲುವುದಿಲ್ಲ. ಮತ್ತು ಇಡೀ ಪ್ರಯಾಣಕ್ಕೆ ವಾರಗಳಲ್ಲ, ಹಲವು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ ಎಂಬುದನ್ನು ಮನೆಯವರಿಗೆ ಮೊದಲ ದಿನವೇ ಹೇಳಿಬಿಡಬೇಕು.

ಎರಡನೆಯ ಹಂತದಲ್ಲಿ ಮಾತಿನ ರೀತಿಯೇ ಮುಖ್ಯ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಸಿದ ಸಂಭಾಷಣಾ ಕ್ರಮವು, ಎದುರಿನವರ ತಪ್ಪನ್ನು ಅವರ ಮುಖಕ್ಕೆ ಹಿಡಿದು ತೋರಿಸುವ ಹಳೆಯ ಪದ್ಧತಿಗೆ ವಿರುದ್ಧವಾದದ್ದು. 'ಕುಡಿತದಿಂದ ನಿಮ್ಮ ಸಂಸಾರ ಹಾಳಾಗುತ್ತಿರುವುದು ಕಾಣುವುದಿಲ್ಲವೇ?' ಎಂದು ಕೇಳಿದರೆ ಆ ವ್ಯಕ್ತಿ ತನ್ನ ಕುಡಿತವನ್ನು ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ. ಸಮರ್ಥಿಸಿಕೊಂಡಷ್ಟೂ ಅವರ ನಿಲುವು ಗಟ್ಟಿಯಾಗುತ್ತದೆ. ಬದಲಿಗೆ, 'ಕುಡಿದಾಗ ನಿಮಗೆ ಏನು ಒಳ್ಳೆಯದಾಗುತ್ತದೆ?' ಎಂದು ಮೊದಲು ಕೇಳಿ, ಅದನ್ನು ಪೂರ್ತಿ ಆಲಿಸಿ, ಆಮೇಲೆ, ಇಲ್ಲದ ಧ್ವನಿಗಳು ಕೇಳಿಸುವವರನ್ನು 'ಮರುದಿನ ಆ ಧ್ವನಿಗಳು ಹೇಗಿರುತ್ತವೆ?' ಎಂದು ಕೇಳಿದರೆ, ಧ್ವನಿಗಳು ಹೆಚ್ಚಾಗುವುದನ್ನು ಅನೇಕರು ತಾವೇ ಹೇಳುತ್ತಾರೆ. ತಮ್ಮ ಬಾಯಿಂದಲೇ ಬಂದ ಆ ಮಾತಿಗೆ ನನ್ನ ಹತ್ತು ಉಪದೇಶಗಳಿಗಿಂತ ಹೆಚ್ಚು ಬಲವಿದೆ. ಸ್ಕಿಜೋಫ್ರೇನಿಯಾ ಇರುವವರೊಡನೆ ಈ ಮಾತುಕತೆ ಚಿಕ್ಕದಾಗಿರಬೇಕು, ಒಂದು ಸಲಕ್ಕೆ ಒಂದೇ ವಿಷಯ ಇರಬೇಕು, ಹೇಳಿದ್ದನ್ನು ಮತ್ತೆ ಹೇಳಲು ಬೇಸರಪಡಬಾರದು, ಏಕೆಂದರೆ ಆ ಕಾಯಿಲೆ ಗಮನವನ್ನೂ ನೆನಪನ್ನೂ ಬಾಧಿಸುತ್ತದೆ.

ಇನ್ನು ಔಷಧಗಳ ವಿಚಾರ. ಇಲ್ಲಿ ಮನೆಯವರ ಒಳ್ಳೆಯ ಉದ್ದೇಶವೇ ಅಪಾಯಕ್ಕೆ ದಾರಿಯಾಗುವ ಸಂದರ್ಭಗಳಿವೆ. ಎಷ್ಟೋ ವರ್ಷ ದಿನವೂ ಕುಡಿದವರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದು ಅವುಗಳಲ್ಲಿ ಒಂದು. ಕೊನೆಯ ಕುಡಿತದ ನಂತರ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತವೆ; ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು; 48ರಿಂದ 96 ಗಂಟೆಗಳ ನಡುವೆ ದಿಕ್ಕುತಪ್ಪಿದ ಪ್ರಜ್ಞೆ, ಇಲ್ಲದ್ದು ಕಾಣುವುದು, ಜ್ವರ, ಎದೆಬಡಿತ ಸೇರಿದ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಬರಬಹುದು, ಅದು ಪ್ರಾಣಕ್ಕೇ ಎರವಾಗಬಲ್ಲದು. ಮೊದಲೇ ಮಾನಸಿಕ ಕಾಯಿಲೆ ಇರುವವರಲ್ಲಿ ಇದನ್ನು 'ಹಳೆಯ ಕಾಯಿಲೆ ಕೆದರಿದೆ' ಎಂದು ತಿಳಿದು ಸುಮ್ಮನಾಗುವ ಅಪಾಯ ಹೆಚ್ಚು. ದಿನ, ಸ್ಥಳ, ಎದುರಿನವರ ಗುರುತು ಸಿಗದಂತಾದರೆ ಅದು ತುರ್ತು ಚಿಕಿತ್ಸೆಯ ಸ್ಥಿತಿ ಎಂದೇ ಭಾವಿಸಬೇಕು. ಇವರಿಗೆ ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಕೊಡುವುದು ಬಹಳ ಮುಖ್ಯ. ಅದರ ಕೊರತೆಯಿಂದ ಮೆದುಳಿಗಾಗುವ ಹಾನಿ ಶಾಶ್ವತವಾಗಿ ನೆನಪನ್ನೇ ಕಸಿದುಕೊಳ್ಳಬಹುದು.

ಇನ್ನೊಂದು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನು ಊಟದಲ್ಲಿ ಕದ್ದು ಬೆರೆಸುವುದು. ಈ ಮಾತ್ರೆ ತೆಗೆದುಕೊಂಡಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಮಾರಕವಾಗಬಹುದು. ತಾನು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆಂದು ತಿಳಿದು ಒಪ್ಪಿದವರಿಗೆ ಮಾತ್ರ ಇದು ಔಷಧ. ಅಲ್ಲದೆ ಇದು ಕೆಲವರಲ್ಲಿ ಭ್ರಮೆಗಳನ್ನು ಹೆಚ್ಚಿಸಬಲ್ಲದು, ಹಾಗಾಗಿ ಸ್ಕಿಜೋಫ್ರೇನಿಯಾ ಇರುವವರಿಗೆ ಬಹಳ ಎಚ್ಚರ ಬೇಕು. ಮೇಲಾಗಿ, ಯಾರೋ ಊಟದಲ್ಲಿ ಏನೋ ಬೆರೆಸುತ್ತಿದ್ದಾರೆಂದು ಮೊದಲೇ ಅನುಮಾನಿಸುವ ವ್ಯಕ್ತಿಯ ಊಟದಲ್ಲಿ ನಿಜವಾಗಿಯೂ ಬೆರೆಸಿ ಸಿಕ್ಕಿಬಿದ್ದರೆ, ಆ ಮನೆಯಲ್ಲಿ ನಂಬಿಕೆ ಮತ್ತೆ ಹುಟ್ಟುವುದು ಕಷ್ಟ.

ತಂಬಾಕಿನ ಬಗ್ಗೆ ಯಾರೂ ನಮ್ಮನ್ನು ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ ಕೊಡುವ ಕ್ಲೋಜಪಿನ್ ಮತ್ತು ಓಲಾಂಜಪಿನ್ ಎಂಬ ಔಷಧಗಳನ್ನು ಯಕೃತ್ತಿನ ಒಂದು ಕಿಣ್ವ ಒಡೆಯುತ್ತದೆ, ಬೀಡಿ ಸಿಗರೇಟಿನ ಹೊಗೆ ಆ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹಾಗಾಗಿ ಸೇದುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಅವರು ಆಸ್ಪತ್ರೆಗೆ ದಾಖಲಾಗಿಯೋ, ಸ್ವಂತ ನಿರ್ಧಾರದಿಂದಲೋ ಸೇದುವುದನ್ನು ಒಮ್ಮೆಲೇ ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ಅದೇ ಪ್ರಮಾಣ ಅತಿಯಾಗಿ, ವಿಪರೀತ ಮಂಪರು, ಜೊಲ್ಲು, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಫಿಟ್ಸ್ ಕೂಡ ಬರಬಹುದು. ಈ ಪರಿಣಾಮ ಹೊಗೆಯದು, ನಿಕೋಟಿನ್‌ನದಲ್ಲ. ಆದ್ದರಿಂದ ನಿಕೋಟಿನ್ ಪಟ್ಟಿ ಹಚ್ಚಿಕೊಂಡರೂ ಪ್ರಮಾಣವನ್ನು ಮರುಪರಿಶೀಲಿಸಲೇಬೇಕು. ಇದರರ್ಥ ಸೇದುವುದನ್ನು ಮುಂದುವರಿಸಬೇಕೆಂದಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರ ಆಯುಷ್ಯವನ್ನು ಕಡಿತಗೊಳಿಸುವ ಕಾರಣಗಳಲ್ಲಿ ತಂಬಾಕು ಬಹಳ ದೊಡ್ಡದು, 'ಪಾಪ, ಇರುವ ಒಂದು ಸುಖ ಅದೇ' ಎಂದು ಬಿಟ್ಟುಬಿಡುವುದು ಅವರಿಗೆ ಮಾಡುವ ಅನ್ಯಾಯ. ಬಿಡುವ ಮೊದಲು ವೈದ್ಯರಿಗೆ ತಿಳಿಸಬೇಕು, ಅಷ್ಟೆ.

'ಕುಡಿದ ದಿನ ಮಾತ್ರೆ ಕೊಡಬೇಕೋ ಬೇಡವೋ?' ಎಂಬುದಕ್ಕೆ ಎಲ್ಲ ಮಾತ್ರೆಗಳಿಗೂ ಒಂದೇ ಉತ್ತರವಿಲ್ಲ. ನಿದ್ರೆ ಬರಿಸುವ ಡಯಾಜೆಪಾಮ್, ಲೊರಾಜೆಪಾಮ್‌ನಂಥವು ಮದ್ಯದೊಡನೆ ಅಥವಾ ಹೆರಾಯಿನ್, ಮಾರ್ಫಿನ್‌ನಂಥ ಅಫೀಮು ಜಾತಿಯ ವಸ್ತುಗಳೊಡನೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುತ್ತವೆ. ಆದರೆ ಕುಡಿದ ನೆಪದಲ್ಲಿ ಭ್ರಮೆಗೆ ಕೊಡುವ ಔಷಧವನ್ನು ವಾರಗಟ್ಟಲೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಯಾವ ಮಾತ್ರೆಯನ್ನು ಆ ದಿನ ತಪ್ಪಿಸಬೇಕು, ಯಾವುದನ್ನು ತಪ್ಪಿಸಬಾರದು ಎಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು. ವೈದ್ಯರು ಕೂಡ 'ಕುಡಿಯಬೇಡಿ' ಎಂದಷ್ಟೇ ಹೇಳಿ ಕಳುಹಿಸದೆ, ಕುಡಿದರೆ ಏನು ಮಾಡಬೇಕೆಂಬುದನ್ನು ಮುಜುಗರವಿಲ್ಲದೆ ಹೇಳಬೇಕು.

ಮನೆಯವರಿಗೆ ನಾನು ಹೇಳುವುದು ಕೆಲವೇ ಮಾತು. ಅಮಲಿನಲ್ಲಿರುವಾಗ ವಾದಿಸಬೇಡಿ, ಕುಡಿಯದ ಹೊತ್ತಿನಲ್ಲಿ ಜೊತೆ ಕೂತು ಊಟ ಮಾಡಿ, ಮಾತನಾಡಿ, ಆ ಹೊತ್ತು ಅವರಿಗೆ ಬೇಕೆನಿಸುವಂತೆ ಮಾಡಿ. ಕುಡಿತಕ್ಕೆ ಹಣ ಕೊಡದಿರುವುದಕ್ಕೂ ಅನ್ನ ಕೊಡದಿರುವುದಕ್ಕೂ ವ್ಯತ್ಯಾಸವಿದೆ. ಹೊಡೆತ ಬಡಿತ ಇರುವಲ್ಲಿ ನಿಮ್ಮ ಮತ್ತು ಮಕ್ಕಳ ಸುರಕ್ಷತೆಯೇ ಮೊದಲು, ಅದಕ್ಕೆ ಯಾವ ಕಾಯಿಲೆಯೂ ವಿನಾಯಿತಿಯಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಖಿನ್ನತೆಯ ಮೇಲೆ ಅಮಲೂ ಸೇರಿದಾಗ ಯೋಚನೆಗೂ ಕೃತ್ಯಕ್ಕೂ ನಡುವಿನ ಅಂತರ ಬಹಳ ಕಿರಿದಾಗುತ್ತದೆ, ಆದ್ದರಿಂದ ಮಾತ್ರೆಗಳ ದಾಸ್ತಾನು, ವಿಷ ಕೈಗೆ ಸಿಗದಂತೆ ಇಡಿ.

ಮರುಕಳಿಕೆ ಈ ಎರಡೂ ಕಾಯಿಲೆಗಳ ಸ್ವಭಾವದಲ್ಲೇ ಇದೆ. ಆದ್ದರಿಂದ ಅದು ಬಂದಾಗ 'ಎಲ್ಲ ವ್ಯರ್ಥವಾಯಿತು' ಎನ್ನುವುದಕ್ಕಿಂತ, ಹಿಂದಿನ ಎರಡು ವಾರಗಳಲ್ಲಿ ಏನೇನಾಯಿತು ಎಂದು ಕೂತು ನೋಡುವುದು ಉಪಯುಕ್ತ. ನಿದ್ರೆ ಕೆಟ್ಟದ್ದು ಮೊದಲೋ, ಮಾತ್ರೆ ತಪ್ಪಿದ್ದು ಮೊದಲೋ, ಕುಡಿದದ್ದು ಮೊದಲೋ? ಎರಡು ಮೂರು ಮರುಕಳಿಕೆಗಳನ್ನು ಹೀಗೆ ನೋಡಿದರೆ ಪ್ರತಿಯೊಬ್ಬರದೂ ಒಂದು ಕ್ರಮ ಕಾಣಿಸುತ್ತದೆ, ಮುಂದಿನ ಸಲ ಆ ಕ್ರಮದ ಮೊದಲ ಹೆಜ್ಜೆಯಲ್ಲೇ ಆಸ್ಪತ್ರೆಗೆ ಫೋನು ಮಾಡಬಹುದು. ಅಫೀಮು ಜಾತಿಯ ವಸ್ತುಗಳನ್ನು ಬಳಸುತ್ತಿದ್ದವರ ವಿಷಯದಲ್ಲಿ ಮಾತ್ರ ಇನ್ನೊಂದು ಎಚ್ಚರಿಕೆಯನ್ನು ಅವರಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು: ಕೆಲವು ವಾರ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಮೊದಲು ತೆಗೆದುಕೊಳ್ಳುತ್ತಿದ್ದಷ್ಟನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಆಸ್ಪತ್ರೆಯಿಂದಲೋ ಜೈಲಿನಿಂದಲೋ ಬಿಡುಗಡೆಯಾದ ಮೊದಲ ಕೆಲವು ವಾರಗಳು ಈ ಕಾರಣಕ್ಕೇ ಅತಿ ಅಪಾಯದವು. ನ್ಯಾಲಾಕ್ಸೋನ್ ಎಂಬ ಔಷಧ ಸಮಯಕ್ಕೆ ಸಿಕ್ಕರೆ ಆ ಉಸಿರನ್ನು ಮರಳಿಸಬಲ್ಲದು. ಅದು ದೊರೆಯುವಲ್ಲಿ ಮನೆಯಲ್ಲಿ ಇಟ್ಟುಕೊಂಡು, ಬಳಸುವ ಕ್ರಮವನ್ನು ಬಿಡುಗಡೆಗೆ ಮೊದಲೇ ಕಲಿತಿರಬೇಕು, ಮತ್ತು ಮುಂದಿನ ಭೇಟಿಯ ದಿನಾಂಕವನ್ನು ಆ ವಾರದೊಳಗೇ ಗೊತ್ತುಮಾಡಿಕೊಂಡು ಹೊರಡಬೇಕು.