ಕಾಡಿನ ಲೆಕ್ಕ ಕಡಲ ಕೆಸರಿನಲ್ಲಿ

ವಾಸ್ಕೋ, ಪಣಜಿ ಕಡೆ ಸಿಗುವ ನಮ್ಮ ಕನ್ನಡದವರಿಗೆ ನಾನು ಹಳೇ ಕಾಡಿನ ಪತ್ತೆಗೆ ಸಮುದ್ರದ ಕೆಸರಲ್ಲಿ ಪರಾಗ ಹುಡುಕುತ್ತೇನೆ ಅಂದರೆ ಬರುವ ಮೊದಲ ಪ್ರಶ್ನೆ, "ಹಳೇ ಕಾಡು ನೋಡೋಕೆ ಸಹ್ಯಾದ್ರಿಗೆ ಹೋಗ್ಬೇಕಲ್ವಾ?" ಹೋಗಬಹುದು. ಆದರೆ ಅಲ್ಲಿನ ಮಣ್ಣಿನಲ್ಲಿ ಪರಾಗ ಉಳಿಯೋದು ಕಡಿಮೆ. ಮಳೆ ಕೊಚ್ಚುತ್ತದೆ, ಗಾಳಿ ತಾಗಿ ಕೊಳೆಯುತ್ತದೆ. ಕೊಚ್ಚಿಹೋದದ್ದು ಕಾಳಿ, ಜುವಾರಿ, ಮಾಂಡೋವಿ ಹಿಡಿದು ಕಡಲಿಗೆ ಬಂದು, ಜೇಡಿಯ ಜೊತೆ ತಳ ಸೇರುತ್ತದೆ. ಅರಬ್ಬೀ ಸಮುದ್ರದಲ್ಲಿ ಕೆಲವು ನೂರು ಮೀಟರ್ ಆಳಕ್ಕೆ ಹೋದರೆ ನೀರಲ್ಲಿ ಆಮ್ಲಜನಕ ತೀರಾ ಕಡಿಮೆ. ಕೆಸರು ಕೆದಕುವ ಹುಳುಗಳೂ ಅಲ್ಲಿ ಕಮ್ಮಿ, ಹಾಗಾಗಿ ಪದರಗಳು ಜಾಸ್ತಿ ಕಲಸಿಹೋಗುವುದಿಲ್ಲ.

ಪರಾಗದ ಹೊರಗೋಡೆ ಭಾರಿ ಗಟ್ಟಿ. ಸ್ಪೋರೋಪೊಲೆನಿನ್ ಅನ್ನುವ ವಸ್ತು ಅದು, ಆಸಿಡ್‌ಗೂ ಜಗ್ಗುವುದಿಲ್ಲ. ನಮ್ಮ ಲ್ಯಾಬ್ ಕೆಲಸ ನಿಂತಿರುವುದೇ ಇದರ ಮೇಲೆ. ಕೆಸರಿನ ಕೋರ್ ಅನ್ನು, ಅಂದರೆ ಕಡಲ ತಳಕ್ಕೆ ಕೊಳವೆ ಇಳಿಸಿ ತೆಗೆದ ಉದ್ದನೆಯ ಕಂಬವನ್ನು, ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ಪ್ರತಿ ತುಂಡನ್ನೂ ಮೊದಲೇ ಎರಡು ಪಾಲು ಮಾಡಿಬಿಡಬೇಕು. ಒಂದು ಪಾಲನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದರೆ ಫೋರಾಮ್‌ಗಳು ಸಿಗುತ್ತವೆ, ಅಂದರೆ ಸುಣ್ಣದ ಚಿಪ್ಪಿನ ಏಕಕೋಶ ಜೀವಿಗಳು. ಇನ್ನೊಂದು ಪಾಲು ಆಸಿಡ್‌ಗೆ. ಹೈಡ್ರೋಕ್ಲೋರಿಕ್ ಆಸಿಡ್ ಸುಣ್ಣ ಕರಗಿಸುತ್ತದೆ, ಹೈಡ್ರೋಫ್ಲೋರಿಕ್ ಮರಳು, ಜೇಡಿ ಕರಗಿಸುತ್ತದೆ. ಈ ಎರಡನೆಯದು ಗಾಜನ್ನೂ ತಿನ್ನುತ್ತದೆ, ಅದಕ್ಕೇ ಪ್ಲಾಸ್ಟಿಕ್ ಪಾತ್ರೆ. ಚರ್ಮಕ್ಕೆ ಬಿದ್ದರೆ ಕೆಲವೊಮ್ಮೆ ತಕ್ಷಣ ಉರಿಯುವುದೂ ಇಲ್ಲ, ಒಳಗೊಳಗೇ ಇಳಿಯುತ್ತದೆ. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಬಾಟಲಿ ಮುಚ್ಚಳ ತೆಗೆಯುವ ವಿದ್ಯಾರ್ಥಿಯನ್ನು ನಾನು ಒಳಗೇ ಬಿಡುವುದಿಲ್ಲ.

ಆಮೇಲೆ ಸೂಕ್ಷ್ಮದರ್ಶಕದಲ್ಲಿ ಎಣಿಕೆ. ಜನ ಎಡವುವುದು ಇಲ್ಲೇ. ಒಂದು ಪದರದಲ್ಲಿ 100 ಕಾಂಡ್ಲಾ (ಮ್ಯಾಂಗ್ರೋವ್) ಪರಾಗ, 100 ಹುಲ್ಲಿನ ಪರಾಗ ಇದೆ ಅಂದುಕೊಳ್ಳಿ. ಅದರ ಮೇಲಿನ ಪದರದಲ್ಲಿ ಕಾಂಡ್ಲಾ 25ಕ್ಕೆ ಇಳಿದಿದೆ, ಹುಲ್ಲು ಅಷ್ಟೇ ಇದೆ. ಶೇಕಡಾ ಲೆಕ್ಕ ಹಾಕಿದರೆ ಹುಲ್ಲು 50ರಿಂದ 80ಕ್ಕೆ ಜಿಗಿಯುತ್ತದೆ! ಹುಲ್ಲುಗಾವಲು ಹಬ್ಬಿತು ಅಂತ ಸುಮ್ನೆ ಬರೆದುಬಿಟ್ಟರೆ ತಪ್ಪು. ಅದಕ್ಕೇ ಶುರುವಿನಲ್ಲೇ ಲೈಕೋಪೋಡಿಯಂ ಅನ್ನುವ ಗಿಡದ ಬೀಜಕಣಗಳ ಮಾತ್ರೆ ಹಾಕುತ್ತೇವೆ. ಅದರಲ್ಲಿ ಎಷ್ಟು ಕಣ ಇವೆ ಅಂತ ಮೊದಲೇ ಗೊತ್ತು, ಅದರ ಅಳತೆಗೆ ಉಳಿದವುಗಳ ನಿಜವಾದ ಸಂಖ್ಯೆ ಸಿಗುತ್ತದೆ. ಇಷ್ಟಾದರೂ ಪರಾಗದ ಸಂಖ್ಯೆ ಅಂದರೆ ಮರಗಳ ಸಂಖ್ಯೆ ಅಲ್ಲ. ಗಾಳಿಗೆ ತೂರುವ ಗಿಡ ರಾಶಿ ರಾಶಿ ಚೆಲ್ಲುತ್ತದೆ, ದುಂಬಿಯನ್ನು ನಂಬಿದ ಮರ ಜಿಪುಣ.

ಕಾರವಾರದ ಎದುರಿನ ಕಡಲಿನ ಕೋರ್‌ಗಳ ಬಗ್ಗೆ 1994ರಲ್ಲಿ ಒಂದು ಅಧ್ಯಯನ ಬಂತು. ಸುಮಾರು 3,500 ವರ್ಷ ಹಿಂದಿನಿಂದ ಕಾಂಡ್ಲಾ ಮತ್ತು ನಿತ್ಯಹಸಿರು ಕಾಡಿನ ಪರಾಗ ಇಳಿದು, ಬಯಲಿನ ಗಿಡಗಳದ್ದು ಏರಿದೆ, ಹವೆ ಒಣಗಿದೆ ಅಂತ ಅದರ ವಾದ. ಮಳೆ ಕಡಿಮೆಯಾಯಿತೋ, ಜನ ಕಾಡು ಕಡಿದರೋ? ಬರೀ ಪರಾಗ ಇದನ್ನು ತೀರ್ಮಾನಿಸಲಾರದು ಅಂತ ನನ್ನ ಅಭಿಪ್ರಾಯ. ಮೊದಲೇ ತೆಗೆದಿಟ್ಟ ಫೋರಾಮ್ ಪಾಲು ಬೇಕಾಗುವುದು ಈಗ. ಮಳೆ ನಿಜವಾಗಿ ತಗ್ಗಿದ್ದರೆ ನದಿ ನೀರೂ ತಗ್ಗಿ, ದಡದ ಕಡಲು ಇನ್ನಷ್ಟು ಉಪ್ಪಾಗಿರಬೇಕು. ಅಮೋನಿಯಾ (ಅನಿಲ ಅಲ್ಲ) ಅನ್ನುವ ಕುಲದ ಫೋರಾಮ್ ಸಿಹಿನೀರು ಬೆರೆತರೂ ಬದುಕುತ್ತದೆ, ಎಷ್ಟೋ ಜಾತಿಗಳು ಬದುಕುವುದಿಲ್ಲ. ಕಡಲ ಮೇಲ್ನೀರಿನಲ್ಲಿ ತೇಲುವ ಫೋರಾಮ್‌ಗಳ ಚಿಪ್ಪಿನ ಆಕ್ಸಿಜನ್ ಐಸೋಟೋಪ್ (ಭಾರದ, ಹಗುರದ ಆಕ್ಸಿಜನ್‌ಗಳ ಪ್ರಮಾಣ) ಉಪ್ಪು, ಬಿಸಿ ಎರಡನ್ನೂ ಸೇರಿಸಿ ಹೇಳುತ್ತದೆ, ಮೆಗ್ನೀಸಿಯಂ–ಕ್ಯಾಲ್ಸಿಯಂ ಪ್ರಮಾಣ ನೋಡಿ ಬಿಸಿಯ ಭಾಗವನ್ನು ಕಳೆಯಬಹುದು. ಪರಾಗ, ಫೋರಾಮ್ ಎರಡೂ ಸಾಕ್ಷಿ ಒಂದೇ ಸೆಂಟಿಮೀಟರ್‌ನವು. ಕಾಲದ ಅಂದಾಜು ಇನ್ನೂರು ವರ್ಷ ಆಚೀಚೆ ಆದರೂ ಎರಡೂ ಒಟ್ಟಿಗೇ ಸರಿಯುತ್ತವೆ, ಬೇರೆ ಬೇರೆ ಊರಿನ ಕೋರ್ ಹೋಲಿಸುವಾಗಿನ ಜಗಳ ಇಲ್ಲ.

ಕಡಲಿನ ಮಟ್ಟವನ್ನೂ ಮರೆಯಬಾರದು. ಸುಮಾರು 20,000 ವರ್ಷ ಹಿಂದೆ ಅದು ಈಗಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು, ದಡ ಎಷ್ಟೋ ಪಶ್ಚಿಮಕ್ಕಿತ್ತು. ಆ ಕಾಲದಿಂದ ಮೇಲಕ್ಕೆ ಬರುವಾಗ ಕಾಂಡ್ಲಾ ಪರಾಗ ಕಡಿಮೆಯಾದರೆ, ಕಾಡು ಸತ್ತಿರಲಿಕ್ಕಿಲ್ಲ, ಕಡಲು ಏರಿ ದಡ ದೂರ ಸರಿದಿರಬಹುದು.

ಕೋರ್‌ನ ಮೇಲ್ತುದಿ ಪರೀಕ್ಷಿಸಲು ನನಗೆ ಇಷ್ಟವಾದದ್ದು ಗಾಳಿಮರ, ಅಂದರೆ ಕ್ಯಾಸುರಿನಾ. ಕಾರವಾರದ ಮರಳಿನಲ್ಲಿ ಅದನ್ನು ನೆಡಲು ಶುರುಮಾಡಿದ್ದು 19ನೇ ಶತಮಾನದಲ್ಲಿ, ಪರಾಗ ಗಾಳಿಯಲ್ಲಿ ದೂರ ಹೋಗುತ್ತದೆ. ಮೇಲಿನ ಪದರದಲ್ಲಿ ಅದು ಕಂಡರೆ ಸಮಾಧಾನ. ಸಾವಿರ ವರ್ಷ ಹಳೆಯದು ಅನ್ನುವ ಪದರದಲ್ಲಿ ಕಂಡರೆ ಪದರ ಕಲಸಿದೆ, ಇಲ್ಲವೇ ಲ್ಯಾಬ್ ಕಿಟಕಿ ತೆರೆದಿತ್ತು. ಹವಾಮಾನದ ಮಾತು ಆಮೇಲೆ, ಮೊದಲು ಆ ತುಂಡನ್ನು ಮತ್ತೆ ಮಾಡಿ.