ದಿನಾ ಗ್ಯಾಸ್ಟ್ರಿಕ್ ಮಾತ್ರೆ ತಗೊಂಡರೆ ಸಣ್ಣ ಕರುಳು ಹಾಳಾಗುತ್ತಾ?

ಪ್ರಶ್ನೆ: ಎದೆಯುರಿ ಅಂತ ಹೋದಾಗ ಡಾಕ್ಟರು ಪ್ಯಾಂಟೊಪ್ರಜೋಲ್ 40 ಬರೆದುಕೊಟ್ಟಿದ್ದರು. ಮೂರು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ತಾ ಇದ್ದೇನೆ. ಮಂಡಿನೋವಿಗೆ ಆಗಾಗ ನೋವಿನ ಮಾತ್ರೆಯೂ ಬೇಕಾಗುತ್ತದೆ. ಈಗ ಎದೆಯುರಿ ಇಲ್ಲ, ಆದರೆ ಊಟ ಆದ ಮೇಲೆ ಹೊಟ್ಟೆ ಉಬ್ಬಿಕೊಳ್ಳುತ್ತದೆ. ಈ ಮಾತ್ರೆಯಿಂದ ಸಣ್ಣ ಕರುಳು ಹಾಳಾಗುತ್ತಾ? ಇವತ್ತೇ ನಿಲ್ಲಿಸಿಬಿಡಲಾ?

ಉತ್ತರ: ಇವತ್ತೇ ನಿಲ್ಲಿಸಬೇಡಿ. ಗಾಬರಿಯೂ ಬೇಡ. ಪ್ಯಾಂಟೊಪ್ರಜೋಲ್ ಸಣ್ಣ ಕರುಳನ್ನು ನೇರವಾಗಿ ಸುಡುವ ಔಷಧಿಯಲ್ಲ. ಆದರೆ ಜಠರದಲ್ಲಿ ಆಮ್ಲ ಕಡಿಮೆಯಾದಾಗ ಅದರ ಪರಿಣಾಮ ಕೆಳಗಿರುವ ಕರುಳಿಗೂ ಸ್ವಲ್ಪ ತಟ್ಟುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಉಬ್ಬರಕ್ಕಿಂತ ನನಗೆ ಜಾಸ್ತಿ ಯೋಚನೆ ತಂದದ್ದು ಆ ನೋವಿನ ಮಾತ್ರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ ಮಾತ್ರೆ ಏನು ಮಾಡುತ್ತದೆ ನೋಡೋಣ. ಜಠರದ ಗೋಡೆಯ ಜೀವಕೋಶಗಳಲ್ಲಿ ಆಮ್ಲ ಹೊರಹಾಕುವ ಸಣ್ಣ ಸಣ್ಣ ಪಂಪುಗಳಿವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲವೂ ಈ ಪಂಪುಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ. ಊಟ ಶುರುವಾದಾಗ ಪಂಪುಗಳು ಎಚ್ಚರಗೊಳ್ಳುತ್ತವೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತಗೊಳ್ಳಿ ಅನ್ನುವುದು. ಈ ಗುಂಪಿನ ಮೊದಲ ಮಾತ್ರೆ ಒಮೆಪ್ರಜೋಲ್ 1988ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಸರ್ ಒಡೆದು ರಕ್ತ ಸುರಿಯುವ ಎಷ್ಟೋ ಜನರ ಜೀವ ಇವು ಉಳಿಸಿವೆ. ಒಳ್ಳೆಯ ಔಷಧಿಯೇ. ಆದರೆ ಅವು ಇಳಿಸುವುದು ಆಮ್ಲವನ್ನು. ಹೊಟ್ಟೆಯ ವಾಯುವಿನ ಮೇಲೆ ಅವುಗಳಿಗೆ ಹಿಡಿತ ಇಲ್ಲ. ಮದುವೆ ಊಟ ಜಾಸ್ತಿಯಾಯಿತು, ಹೊಟ್ಟೆ ಬಿಗಿಯಿತು ಅಂತ ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ತಂದು ನುಂಗಿದರೆ ಪ್ರಯೋಜನ ಕಡಿಮೆ.

ಇನ್ನು ಸಣ್ಣ ಕರುಳಿನ ವಿಷಯ. ಸುಮಾರು 6 ಮೀಟರ್ ಉದ್ದದ ಈ ಕೊಳವೆಯ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ. ಒಂದು ಮಿಲಿಲೀಟರ್ ದ್ರವಕ್ಕೆ ಸಾಮಾನ್ಯವಾಗಿ ಸಾವಿರದೊಳಗೆ. ದೊಡ್ಡ ಕರುಳಿನಲ್ಲಿ ಅದೇ ಲೆಕ್ಕ ಸಾವಿರಾರು ಕೋಟಿಗೆ ಹೋಗುತ್ತದೆ. ಮೇಲ್ಭಾಗ ಇಷ್ಟು ಶುಚಿಯಾಗಿರಲು ಮುಖ್ಯ ಕಾರಣಗಳಲ್ಲಿ ಒಂದು ಜಠರದ ಆಮ್ಲ. ಬಾಯಿಂದ, ಊಟದಿಂದ ಬಂದ ಕ್ರಿಮಿಗಳನ್ನು ಅದು ಹೆಬ್ಬಾಗಿಲಿನ ಕಾವಲುಗಾರನ ಹಾಗೆ ತಡೆಯುತ್ತದೆ. ಆಮ್ಲ ಇಳಿದಾಗ ಕೆಲವು ಕ್ರಿಮಿಗಳು ಬದುಕಿ ಕೆಳಗಿಳಿಯುತ್ತವೆ. ದಿನಾ ಈ ಮಾತ್ರೆ ತಗೊಳ್ಳುವವರ ಮಲ ಪರೀಕ್ಷೆ ಮಾಡಿದ ಸಂಶೋಧಕರಿಗೆ, ಸಾಮಾನ್ಯವಾಗಿ ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ಅಲ್ಲಿ ಜಾಸ್ತಿ ಕಂಡಿವೆ.

ಹೀಗೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿದರೆ ಅದನ್ನು ಡಾಕ್ಟರುಗಳು ಸಿಬೊ ಅನ್ನುತ್ತಾರೆ. ತಿಂದ ಆಹಾರವನ್ನು ನಮ್ಮ ಕರುಳು ಹೀರಿಕೊಳ್ಳುವ ಮೊದಲೇ ಅವು ಹುದುಗಿಸಿಬಿಡುತ್ತವೆ. ಗಾಳಿ ತುಂಬಿಕೊಳ್ಳುತ್ತದೆ, ಉಬ್ಬರ ಬರುತ್ತದೆ, ಕೆಲವರಿಗೆ ಭೇದಿಯಾಗುತ್ತದೆ. ನಿಮ್ಮ ಉಬ್ಬರಕ್ಕೆ ಇದು ಕಾರಣ ಇರಬಹುದಾ? ಇರಬಹುದು. ಆದರೆ ಇದೇ ಅಂತ ಹೇಳುವ ಹಾಗಿಲ್ಲ. ಕರುಳಿನ ದ್ರವ ತೆಗೆದು ನೋಡಿದ ಅಧ್ಯಯನಗಳಲ್ಲಿ ಮಾತ್ರೆಗೂ ಸಿಬೊಗೂ ಸಂಬಂಧ ಕಂಡಿದೆ. ಗ್ಲೂಕೋಸ್ ಕುಡಿಸಿ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆಯಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಜೊತೆಗೆ ಉಬ್ಬರಕ್ಕೆ ಇನ್ನೂ ಸಾಮಾನ್ಯವಾದ ಕಾರಣಗಳಿವೆ. ಮಲಬದ್ಧತೆ ಇದೆ, ಹಾಲು ಅರಗದಿರುವುದು ಇದೆ. ದಕ್ಷಿಣ ಭಾರತದಲ್ಲಿ ದೊಡ್ಡವರಿಗೆ ಹಾಲಿನ ಸಕ್ಕರೆ ಅರಗದಿರುವುದು ಬಹಳ ಸಾಮಾನ್ಯ. ಒಂದೆರಡು ವಾರ ಹಾಲು, ಕಾಫಿ ಬಿಟ್ಟು ನೋಡುವುದಕ್ಕೆ ಖರ್ಚೇನೂ ಇಲ್ಲ ಅಲ್ವಾ?

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬಹುದು. ಈ ಮಾತ್ರೆ ತಗೊಳ್ಳುವವರಿಗೆ ಕರುಳಿನ ಸೋಂಕು ಸ್ವಲ್ಪ ಜಾಸ್ತಿ. 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 17,598 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ಯಾಂಟೊಪ್ರಜೋಲ್ 40, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಮೂಳೆ ಮುರಿತ, ಕಿಡ್ನಿ ತೊಂದರೆ, ಮರೆವಿನ ಕಾಯಿಲೆ ಇವುಗಳಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಕರುಳಿನ ಸೋಂಕು ಮಾತ್ರ ಔಷಧಿ ಗುಂಪಿನಲ್ಲಿ ಶೇ 1.4, ಇನ್ನೊಂದರಲ್ಲಿ ಶೇ 1.0. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಭಯಕ್ಕೆ ಹೋಲಿಸಿದರೆ ಇದು ಎಷ್ಟೋ ನೆಮ್ಮದಿಯ ಸುದ್ದಿ. ಆದರೂ ಜಾತ್ರೆಗೋ ದೂರದ ಊರಿಗೋ ಹೋದಾಗ ಕುದಿಸಿ ಆರಿಸಿದ ನೀರು ಕುಡಿಯಿರಿ, ಕತ್ತರಿಸಿಟ್ಟ ಹಣ್ಣು ಬಿಡಿ.

ಈಗ ನೋವಿನ ಮಾತ್ರೆಗೆ ಬರೋಣ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇಂಥವನ್ನು ನುಂಗುವಾಗ ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ಹಾಕಿಕೊಂಡರೆ ಹೊಟ್ಟೆಗೆ ಏನೂ ಆಗುವುದಿಲ್ಲ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಜಠರ ಮತ್ತು ಅದರ ಪಕ್ಕದ ಮೊದಲ ತುಂಡು ಕರುಳಿನ ಮಟ್ಟಿಗೆ ಈ ನಂಬಿಕೆ ಬಹುಪಾಲು ಸರಿ. ಅಲ್ಲಿಂದ ಕೆಳಗೆ ಆಮ್ಲದ ಹಾವಳಿಯೇ ಇಲ್ಲ, ಹಾಗಾಗಿ ಆಮ್ಲ ಇಳಿಸಿದರೆ ರಕ್ಷಣೆಯೂ ಇಲ್ಲ. ಅಲ್ಲಿ ನೋವಿನ ಮಾತ್ರೆ ಮಾಡುವ ಹಾನಿಯೇ ಬೇರೆ ಥರ. ಡೈಕ್ಲೋಫೆನಾಕ್‌ನಂಥವು ಪಿತ್ತದ ಜೊತೆ ಮತ್ತೆ ಮತ್ತೆ ಕರುಳಿಗೆ ಇಳಿಯುತ್ತವೆ, ಒಳಪದರವನ್ನು ದುರ್ಬಲ ಮಾಡುತ್ತವೆ, ಆಮೇಲೆ ಅಲ್ಲಿರುವ ಬ್ಯಾಕ್ಟೀರಿಯಾ ಗಾಯವನ್ನು ದೊಡ್ಡದು ಮಾಡುತ್ತವೆ. ಗ್ಯಾಸ್ಟ್ರಿಕ್ ಮಾತ್ರೆ ಈ ಬ್ಯಾಕ್ಟೀರಿಯಾಗಳ ಲೆಕ್ಕವನ್ನೇ ಬದಲಿಸುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟಾಗ ಸಣ್ಣ ಕರುಳಿನ ಗಾಯ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. 2016ರಲ್ಲಿ ಜಪಾನಿನಲ್ಲಿ ಆರೋಗ್ಯವಂತರ ಒಂದು ಸಣ್ಣ ಗುಂಪಿನ ಮೇಲೆ ನಡೆದ ಅಧ್ಯಯನದಲ್ಲೂ, ಎರಡು ವಾರ ಸೆಲೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆ ಜೊತೆ ರಾಬೆಪ್ರಜೋಲ್ ತಗೊಂಡವರಲ್ಲಿ ಇಂಥ ಗಾಯ ಹೆಚ್ಚು ಕಂಡಿತು. ನುಂಗುವ ಕ್ಯಾಮೆರಾ ಕ್ಯಾಪ್ಸೂಲ್‌ನಿಂದ ನೋಡಿದ್ದು ಅದು. ಮಾಮೂಲಿ ಎಂಡೋಸ್ಕೋಪಿ ಅಷ್ಟು ಕೆಳಗೆ ಹೋಗುವುದೇ ಇಲ್ಲ.

ಹಾಗಂತ ಜಠರದ ರಕ್ಷಣೆ ಬಿಡಬೇಡಿ. ಅಲ್ಲಿ ಅಲ್ಸರ್ ಒಡೆದರೆ ಜೀವಕ್ಕೇ ಅಪಾಯ. ಕಡಿಮೆ ಮಾಡಬೇಕಾದದ್ದು ನೋವಿನ ಮಾತ್ರೆಯನ್ನು. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಸಾಕಾಗುತ್ತದಾ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕಲಿತರೆ ಹೇಗೆ ಅಂತ ಡಾಕ್ಟರನ್ನು ಕೇಳಿ. ಕಾರಣ ಗೊತ್ತಿಲ್ಲದೆ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ, ನೋವಿನ ಮಾತ್ರೆ ತಗೊಳ್ಳುತ್ತಿರುವುದನ್ನು ತಪ್ಪದೆ ಹೇಳಿ.

ಪೋಷಕಾಂಶಗಳ ಬಗ್ಗೆ ಎರಡು ಮಾತು. ಆಹಾರದಲ್ಲಿರುವ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು. ಎರಡು ವರ್ಷಕ್ಕಿಂತ ಜಾಸ್ತಿ ಈ ಮಾತ್ರೆ ತಗೊಂಡವರಲ್ಲಿ ಬಿ12 ಕೊರತೆ ಹೆಚ್ಚು ಕಂಡಿದೆ. ನೀವು ಸಸ್ಯಾಹಾರಿಯಾಗಿದ್ದು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೂಡ ತಗೊಳ್ಳುತ್ತಿದ್ದರೆ ಕೊರತೆಗೆ ಮೂರು ಕಡೆಯಿಂದ ದಾರಿ ಆಯಿತು. ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯಲ್ಲಿರುವ ಬಿ12ಗೆ ಆಮ್ಲದ ಹಂಗಿಲ್ಲ, ಹಾಗಾಗಿ ಪರಿಹಾರ ಸುಲಭ. ಸೊಪ್ಪು, ಕಾಳಿನ ಕಬ್ಬಿಣಕ್ಕೂ ಆಮ್ಲ ಸಹಾಯ ಮಾಡುತ್ತದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಹಾಗಾದರೆ ನಿಲ್ಲಿಸುವುದು ಹೇಗೆ? ಮೊದಲು, ಯಾಕೆ ಶುರುಮಾಡಿದ್ದು ಅಂತ ಗೊತ್ತಾಗಬೇಕು. ಹಿಂದೆ ಅಲ್ಸರ್‌ನಿಂದ ರಕ್ತಸ್ರಾವ ಆಗಿದ್ದವರು, ಅನ್ನನಾಳ ತೀವ್ರವಾಗಿ ಸುಟ್ಟವರು, ಹೃದಯಕ್ಕೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ತಗೊಳ್ಳುವವರು ತಾವಾಗಿ ನಿಲ್ಲಿಸಲೇಬಾರದು. ಬರೀ ಎದೆಯುರಿಗೆ ಶುರುವಾಗಿ ಸುಮ್ನೆ ಮುಂದುವರಿದಿದ್ದರೆ, ಡಾಕ್ಟರ ಜೊತೆ ಮಾತಾಡಿ 40ರಿಂದ 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿ ನೋಡಬಹುದು. ಬಿಟ್ಟ ಹೊಸದರಲ್ಲಿ ಉರಿ ಜೋರಾಗಿ ಬಂದರೆ ಧೈರ್ಯ ಕಳೆದುಕೊಳ್ಳಬೇಡಿ. 2009ರ ಒಂದು ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದ 120 ಜನರನ್ನು ಎರಡು ಗುಂಪು ಮಾಡಿದರು. ಎಂಟು ವಾರ ಇಂಥ ಮಾತ್ರೆ ತಗೊಂಡು ಬಿಟ್ಟವರಲ್ಲಿ ಶೇ 44 ಜನರಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು. ಔಷಧಿಯಿಲ್ಲದ ಮಾತ್ರೆ ತಗೊಂಡಿದ್ದವರಲ್ಲಿ ಅದು ಶೇ 15 ಮಾತ್ರ. ಇಷ್ಟು ದಿನ ತಡೆಹಿಡಿದ ಆಮ್ಲ ಒಮ್ಮೆಲೇ ಜಾಸ್ತಿ ಉತ್ಪತ್ತಿಯಾಗುವುದರಿಂದ ಹೀಗಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ಅಷ್ಟು ದಿನ ಫ್ಯಾಮೊಟಿಡಿನ್ (ಆಮ್ಲ ಇಳಿಸುವ ಬೇರೆ ಬಗೆಯ ಮಾತ್ರೆ) ಅಥವಾ ಆಂಟಾಸಿಡ್ ಸಿರಪ್‌ನಿಂದ ದೂಡಬಹುದಾ ಅಂತ ಕೇಳಿಕೊಳ್ಳಿ. ರಾತ್ರಿ ಊಟ ಬೇಗ ಮುಗಿಸಿ.

ಡಾಕ್ಟರ ಹತ್ತಿರ ಹೋಗುವಾಗ ಎರಡೂ ಮಾತ್ರೆಗಳ ಸ್ಟ್ರಿಪ್ ಕೈಯಲ್ಲಿರಲಿ. ಗ್ಯಾಸ್ಟ್ರಿಕ್ ಮಾತ್ರೆಯ ಹೆಸರಿನ ಕೊನೆಯಲ್ಲಿ ಡಿ ಅಥವಾ ಡಿಎಸ್‌ಆರ್ ಅಂತ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ವಾಂತಿ ತಡೆಯುವ ಡೊಂಪೆರಿಡೋನ್ ಔಷಧಿಯೂ ಸೇರಿರುತ್ತದೆ. ಅದು ಹೃದಯದ ಬಡಿತದ ಲಯ ಕೆಡಿಸಬಲ್ಲದು, ವರ್ಷಗಟ್ಟಲೆ ತಗೊಳ್ಳುವಂಥದ್ದಲ್ಲ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ, ನುಂಗುವಾಗ ಅನ್ನ ಸಿಕ್ಕಿಕೊಂಡಂತೆ ಆದರೆ, ಮಾತ್ರೆ ಇಳಿಸುವ ಯೋಚನೆ ಪಕ್ಕಕ್ಕಿಟ್ಟು ತಡಮಾಡದೆ ತೋರಿಸಿ. ಕಪ್ಪು ಮಲದ ಜೊತೆ ತಲೆಸುತ್ತು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.